31 ವರ್ಷದ ಆರಡಿ ಮೂರಿಂಚಿನ ಸ್ಟಾಪರ್: ನಮ್ಮ ಕ್ಲಬ್ ಮಾಡಿದ್ದು ಸರಿಯಾ?

ರಾಬರ್ಟ್‌ಸನ್‌ಪೇಟೆ_ಗ್ಯಾಲರಿ:

ಈ ಸೀಸನ್ನಿಗೆ ನಮ್ಮ ಕೆಜಿಎಫ್ ಫುಟ್‌ಬಾಲ್ ಟೀಮಿಗೆ ಹೊರಗಿನಿಂದ ಬಂದಿರೋದು ಒಬ್ಬನೇ. ವಯಸ್ಸು 31, ಎತ್ತರ ಆರಡಿ ಮೂರಿಂಚು, ಆಡೋ ಜಾಗ ಸ್ಟಾಪರ್, ಅಂದರೆ ಗೋಲಿನ ಮುಂದೆ ಮಧ್ಯದಲ್ಲಿ ನಿಲ್ಲೋ ಡಿಫೆಂಡರ್. ಹೆಡ್ಡಿಂಗ್ ಗಟ್ಟಿ, ಎಡಗಾಲಲ್ಲಿ ಉದ್ದ ಪಾಸ್ ಚೆನ್ನಾಗಿ ಬೀಳುತ್ತೆ, ಓಟ ಮಾತ್ರ ನಿಧಾನ. ಗ್ಯಾಲರಿಯಲ್ಲಿ ಆಗಲೇ 'ಉದ್ದಣ್ಣ' ಅಂತ ನಾಮಕರಣ ಆಗಿದೆ. ಬೆಂಗಳೂರಲ್ಲಿ ಕೆಲಸ, ಸೋಮವಾರದಿಂದ ಶನಿವಾರ ಮಾರಿಕುಪ್ಪಂ ರೈಲುಗಾಡಿಯಲ್ಲಿ ಓಡಾಟ.

ಅದೇ ಹೊತ್ತಿಗೆ ನಮ್ಮದೇ ಅಂಡರ್-19 ಹುಡುಗ, ಆರಡಿ ಒಂದಿಂಚು, ಬೆಂಚಿನಲ್ಲಿ ಕೂರೋ ಹಾಗಾಗಿದೆ. ಅರ್ಧ ಜನ 'ಇದ್ದ ಒಂದು ಜಾಗವನ್ನ ಮುಗಿಯುತ್ತಿರೋ ಆಟಗಾರನಿಗೆ ಕೊಟ್ಟರು' ಅಂತಿದ್ದಾರೆ. ಇನ್ನರ್ಧ ಜನ 'ಹೋದ ಸಲ ಕಾರ್ನರ್‌ನಲ್ಲೂ ಉದ್ದ ಫ್ರೀ ಕಿಕ್‌ನಲ್ಲೂ ತಿಂದ ಗೋಲು ಮರೆತುಬಿಟ್ರಾ' ಅಂತಿದ್ದಾರೆ. ನನಗೆ ಬೇಕಿರೋದು ಬೈಗುಳ ಅಲ್ಲ, ಲೆಕ್ಕ. ಇವನನ್ನ ಆಡಿಸೋದಾದರೆ ಡಿಫೆಂಡರ್‌ಗಳ ಲೈನ್ ಎಲ್ಲಿ ನಿಲ್ಲಬೇಕು, ಪಕ್ಕದಲ್ಲಿ ಯಾರಿರಬೇಕು, ಮೈ ತಡೆಯುತ್ತಾ? ಗೊತ್ತಿರೋರು ಬಿಡಿಸಿ ಹೇಳಿ.

ನಾಲ್ಕನೇ_ನಂಬರ್:

ವಯಸ್ಸಿನ ಮಾತು ಪಕ್ಕಕ್ಕಿಡಿ. ಸ್ಟಾಪರ್ ಜಾಗಕ್ಕೆ 31 ಮುದಿತನ ಅಲ್ಲ. ಅನಸ್ ಎಡತೊಡಿಕ ಭಾರತ ತಂಡಕ್ಕೆ ಮೊದಲ ಸಲ ಆಡಿದ್ದೇ 2017ರ ಮಾರ್ಚ್‌ನಲ್ಲಿ, 30 ದಾಟಿದ ಮೇಲೆ. ಅದೇ ವರ್ಷ ಜುಲೈನಲ್ಲಿ ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್) ಡ್ರಾಫ್ಟ್, ಅಂದರೆ ಕ್ಲಬ್ಬುಗಳು ಸರದಿಯಲ್ಲಿ ಆಟಗಾರರನ್ನ ಆರಿಸೋದು, ಆದಾಗ ಹೊಸದಾಗಿ ಟೀಮ್ ಕಟ್ಟುತ್ತಿದ್ದ ಜಮ್ಶೆಡ್‌ಪುರ ಮೊದಲು ಎತ್ತಿಕೊಂಡಿದ್ದು ಅವರನ್ನೇ, 1.10 ಕೋಟಿ ರೂಪಾಯಿಗೆ. ಹೊಸ ಕ್ಲಬ್ಬಿಗೆ ಮೊದಲ ದಿನದಿಂದಲೇ ಹಿಂದೆ ನಿಂತು ಕೂಗಿ ಆಡಿಸೋನು ಬೇಕಿತ್ತು, ಅಷ್ಟೇ.

ನಮ್ಮ ತೊಂದರೆ ಓಟದ್ದು. ಓಟಕ್ಕೆ ಮದ್ದು ಲೈನ್ ಎಲ್ಲಿ ನಿಲ್ಲುತ್ತೆ ಅನ್ನೋದರಲ್ಲಿದೆ.

ಲೆಕ್ಕ ಹೀಗೆ. ಬಾಲ್ ಎದುರಾಳಿ ಅರ್ಧದಲ್ಲಿದೆ, ನಮ್ಮ ಬ್ಯಾಕ್ ಲೈನ್ ಗೋಲಿಂದ 35 ಮೀಟರ್ ಮುಂದೆ ಇದೆ ಅಂದುಕೊಳ್ಳಿ. ಕೀಪರ್ ಪೆನಾಲ್ಟಿ ಬಾಕ್ಸಿನ ಅಂಚಿನವರೆಗೆ, ಅಂದರೆ 16 ಮೀಟರ್‌ವರೆಗೆ ಬಂದು ನಿಂತರೂ ಮಧ್ಯೆ ಸುಮಾರು 19 ಮೀಟರ್ ಖಾಲಿ. ಆ ಖಾಲಿಗೆ ಬಾಲ್ ಬಿದ್ದರೆ ಉದ್ದಣ್ಣ ತಿರುಗಿ ಓಡಬೇಕು. ತಿರುಗೋದಕ್ಕೇ ಹತ್ತಿರ ಹತ್ತಿರ ಒಂದು ಸೆಕೆಂಡ್. ಅಷ್ಟರಲ್ಲಿ ಆಗಲೇ ಮುಂದಕ್ಕೆ ಓಡುತ್ತಿರೋ ವಿಂಗರ್ ಏಳು ಮೀಟರ್ ಹೋಗಿರ್ತಾನೆ. ಅದನ್ನ ಯಾವ ಪ್ರಾಕ್ಟೀಸೂ ವಾಪಸ್ ತರಲ್ಲ. ಲೈನನ್ನ 25ಕ್ಕೆ ಇಳಿಸಿ. ಖಾಲಿ 9 ಮೀಟರ್‌ಗೆ ಬರುತ್ತೆ, ಅದು ಕೀಪರ್ ಕೈಗೆಟುಕೋ ಜಾಗ.

ಇಲ್ಲೇ ಎಲ್ಲರೂ ಎಡವೋದು. ಬ್ಯಾಕ್ ಲೈನ್ ಇಳಿಸಿ ಮುಂದಿನವರನ್ನ ಅಲ್ಲೇ ಬಿಟ್ಟರೆ ಮಧ್ಯೆ ದೊಡ್ಡ ಬಯಲು. ಎದುರಾಳಿ ಮಿಡ್‌ಫೀಲ್ಡರ್ ಆರಾಮಾಗಿ ತಲೆ ಎತ್ತಿ ಪಾಸ್ ಹುಡುಕುತ್ತಾನೆ. ಹಿಂದಿನ ಸ್ಟಾಪರ್‌ಗೂ ಮುಂದಿನ ಫಾರ್ವರ್ಡ್‌ಗೂ 30-35 ಮೀಟರ್‌ಗಿಂತ ಹೆಚ್ಚು ಅಂತರ ಇರಬಾರದು. ಅಂದರೆ ನಮ್ಮ ಇಬ್ಬರು ಫಾರ್ವರ್ಡ್‌ಗಳು ಮಧ್ಯದ ಗೆರೆಗಿಂತ ಸ್ವಲ್ಪವಷ್ಟೇ ಮುಂದೆ ನಿಂತು ಬಾಲ್ ಇರೋನ ಮೇಲೆ ಒತ್ತಡ ಹಾಕಬೇಕು, ಅಂದರೆ ಪ್ರೆಸ್ ಮಾಡಬೇಕು. ಹೋದ ಸೀಸನ್ ಥರ ಎದುರಾಳಿ ಬಾಕ್ಸಿನವರೆಗೆ ಓಡಿಹೋಗಿ ಪ್ರೆಸ್ ಮಾಡೋ ಆಟ ಇವನ ಜೊತೆ ನಡೆಯಲ್ಲ. ಕೋಚ್ ಎರಡನ್ನೂ ಮಾಡ್ತೀನಿ ಅಂದರೆ ಎರಡೂ ಕೆಡುತ್ತೆ.

ಪಕ್ಕದಲ್ಲಿ ಯಾರು? ಇಂಗ್ಲೆಂಡಿನ ಆರ್ಸೆನಲ್‌ನಲ್ಲಿ ಸ್ಟಾಪರ್ ಮೆರ್ಟೆಸಾಕರ್ 1.98 ಮೀಟರ್, ಓಟ ನಿಧಾನ. ಪಕ್ಕದಲ್ಲಿ ಕೊಸಿಯೆಲ್ನಿ ಇದ್ದ. ಮುಂದೆ ನುಗ್ಗಿ ಬಾಲ್ ಕಸಿಯೋದು ಕೊಸಿಯೆಲ್ನಿ ಕೆಲಸ, ಹಿಂದೆ ಜಾಗ ಬಿಡದೆ ನಿಂತು ಬಾಯಿ ಮಾಡೋದು ಮೆರ್ಟೆಸಾಕರ್ ಕೆಲಸ. 2017ರ ಎಫ್‌ಎ ಕಪ್ ಫೈನಲ್‌ನಲ್ಲಿ ಕೊಸಿಯೆಲ್ನಿ ಸಸ್ಪೆಂಡ್ ಆಗಿದ್ದ. ಆ ಸೀಸನ್ ಪೂರ್ತಿ ಒಂದೂ ಮ್ಯಾಚ್ ಶುರುವಿಂದ ಆಡದಿದ್ದ 32ರ ಮೆರ್ಟೆಸಾಕರ್‌ನನ್ನ ಮೂವರು ಸ್ಟಾಪರ್‌ಗಳ ನಡುವೆ ನಿಲ್ಲಿಸಿದರು. ಎರಡೂ ಕಡೆ ಓಡೋರು ಇದ್ದರು, ಇವನು ಮಧ್ಯೆ ಕದಲದೆ ನಿಂತ, ಚೆಲ್ಸಿ 2-1ಕ್ಕೆ ಸೋತಿತು. ನಮ್ಮ ಕೋಚ್ ನೋಡಬೇಕಿರೋದು ಅದನ್ನ. ಉದ್ದಣ್ಣನ ಪಕ್ಕ ನಮ್ಮ ರೈಟ್ ಬ್ಯಾಕ್ ಹುಡುಗನನ್ನ ಒಳಗೆ ತಂದು ಬಲಗಡೆ ಸ್ಟಾಪರ್ ಮಾಡಿ. ಎತ್ತರ ಕಡಿಮೆ ಇದ್ದರೂ ತೊಂದರೆ ಇಲ್ಲ, ಮೇಲಿನ ಬಾಲಿಗೆ ಒಬ್ಬ ಇದ್ದಾನಲ್ಲ.

ಮಾರಿಕುಪ್ಪಂ_ಎಕ್ಸ್‌ಪ್ರೆಸ್:

ಚೆನ್ನಾಗಿ ಹೇಳಿದ್ರಿ ಅಣ್ಣ, ಆದರೆ ಅಂಡರ್-19 ಹುಡುಗನ ಗತಿ? 18ರವನಿಗೆ ಮ್ಯಾಚ್ ಕೊಡದಿದ್ದರೆ 21ಕ್ಕೆ ಸ್ಟಾಪರ್ ಎಲ್ಲಿಂದ ಹುಟ್ಟುತ್ತಾನೆ? ಒಂದು ಸೀಸನ್ನಿಗೋಸ್ಕರ ಮೂರು ಸೀಸನ್ ಮಾರಿಕೊಂಡ ಹಾಗಾಯ್ತು.

ನಾಲ್ಕನೇ_ನಂಬರ್:

ಮಚ್ಚಾ, ಆ ಮೂರು ಸೀಸನ್ ಕಾಗದದ ಮೇಲಿದೆ. ಚಿನ್ನದ ಗಣಿ 2001ರಲ್ಲಿ ಮುಚ್ಚಿದ ಮೇಲೆ ಇಲ್ಲಿನ ಹುಡುಗ ಡಿಪ್ಲೊಮಾನೋ ಐಟಿಐನೋ ಮುಗಿಸಿದ ತಕ್ಷಣ ಬೆಂಗಳೂರಿನ ಗಾಡಿ ಹತ್ತುತ್ತಾನೆ. ಕೆಲಸ ಸಿಕ್ಕಿತು, ಅಲ್ಲೇ ರೂಮ್ ಮಾಡಿದ ಅಂದರೆ ಅಲ್ಲಿನ ಕ್ಲಬ್ಬಿಗೇ ಹೋಗುತ್ತಾನೆ. ಹೋಗಲಿ, ಒಳ್ಳೆಯದೇ. ಆದರೆ '21ಕ್ಕೆ ನಮಗೇ ಆಡುತ್ತಾನೆ' ಅನ್ನೋ ಲೆಕ್ಕ ನಮ್ಮ ಊರಿಗೆ ಕೂಡಿಬರಲ್ಲ. ಮನೆ ಮಕ್ಕಳು ಇಲ್ಲೇ ಇರೋ 31ರವನು ಎರಡು ಸೀಸನ್ ಇಲ್ಲೇ ಇರೋ ಸಾಧ್ಯತೆ 18ರವನಿಗಿಂತ ಜಾಸ್ತಿ.

ಹುಡುಗನನ್ನ ಕೂರಿಸಿ ಅಂತ ನಾನೂ ಹೇಳಲ್ಲ. ಗುಂಪು ಹಂತದ ಮ್ಯಾಚಲ್ಲಿ ಉದ್ದಣ್ಣ 60 ನಿಮಿಷ, ಆಮೇಲೆ ಅವನು. ಗೆಲ್ಲೋ ಮ್ಯಾಚಲ್ಲಿ ತಲೆಕೆಳಗು: ಹುಡುಗ ಶುರು ಮಾಡಲಿ, ಕೊನೆಯ 20 ನಿಮಿಷ ಎದುರಾಳಿ ಬರೀ ಎತ್ತಿ ಹೊಡೆಯೋಕೆ ಶುರು ಮಾಡಿದಾಗ ಉದ್ದಣ್ಣ ಇಳಿಯಲಿ. ನಿಯಮದ ಪ್ರಕಾರ ಐದು ಬದಲಿವರೆಗೆ ಟೂರ್ನಿಯವರು ಬಿಡಬಹುದು. ಅವರು ಎಷ್ಟು ಬಿಟ್ಟಿದ್ದಾರೆ ಅಂತ ಹೆಸರು ಕೊಡೋ ಮುಂಚೆಯೇ ಕೇಳಿಕೊಳ್ಳಿ, ಮೂರೇ ಅಂದರೆ ಈ ಯೋಜನೆ ಸ್ವಲ್ಪ ಬಿಗಿಯಾಗುತ್ತೆ.

ಟೇಪು_ಸ್ಟಾಪ್‌ವಾಚು:

ಎಲ್ಲರೂ 'ಆರಡಿ ಮೂರಿಂಚು' ಅಂತ ಕುಣಿಯುತ್ತಿದ್ದೀರಿ. ಅವನ ಹಣೆ ಎಷ್ಟು ಎತ್ತರಕ್ಕೆ ಹೋಗುತ್ತೆ ಅಂತ ಯಾರಾದರೂ ಅಳೆದಿದ್ದೀರಾ?

ಆರಡಿ ಮೂರಿಂಚು ಅಂದರೆ 190 ಸೆಂಟಿಮೀಟರ್. ಬಾಲ್ ಹೊಡೆಯೋದು ನೆತ್ತಿಯಲ್ಲಲ್ಲ, ಹಣೆಯಲ್ಲಿ, ಹತ್ತು ಸೆಂಟಿಮೀಟರ್ ಕಳೆಯಿರಿ, 180. ಜಿಗಿತ 45 ಬಂದರೆ 225. ಈಗ ಐದಡಿ ಒಂಬತ್ತಿಂಚಿನ ಫಾರ್ವರ್ಡ್ ತೆಗೆದುಕೊಳ್ಳಿ: 175, ಹಣೆ 165. ಓಡಿ ಬಂದು 65 ಜಿಗಿದರೆ 230. ಗಿಡ್ಡನೇ ಐದು ಸೆಂಟಿಮೀಟರ್ ಮೇಲೆ! ಉದ್ದಣ್ಣ ನಿಂತಲ್ಲಿಂದ ಜಿಗಿಯೋದು, ಫಾರ್ವರ್ಡ್ ಓಡಿ ಬಂದು ಜಿಗಿಯೋದು, ವ್ಯತ್ಯಾಸ ಬರೋದು ಇಲ್ಲೇ. ಕಾರ್ನರ್‌ನಲ್ಲಿ ಉದ್ದದ ಡಿಫೆಂಡರ್ ಇದ್ದೂ ಗೋಲ್ ಆಗೋದು ಹೀಗೇನೇ.

ಅಳೆಯೋದು ಸುಲಭ. ಗೋಡೆ ಪಕ್ಕ ಹಿಮ್ಮಡಿ ನೆಲಕ್ಕೆ ಒತ್ತಿ ನಿಲ್ಲಿಸಿ, ಒಂದು ಕೈ ಪೂರ್ತಿ ಮೇಲೆ ಚಾಚಿಸಿ ಸೀಮೆಸುಣ್ಣದ ಗುರುತು. ನಿಂತಲ್ಲಿಂದ ಎರಡು ಕಾಲಲ್ಲಿ ಜಿಗಿದು ಇನ್ನೊಂದು ಗುರುತು. ಆಮೇಲೆ ಮೂರು ಹೆಜ್ಜೆ ಓಡಿ ಒಂದು ಕಾಲಲ್ಲಿ ಜಿಗಿದು ಮತ್ತೊಂದು. ಪ್ರತಿಯೊಂದೂ ಮೂರು ಸಲ, ಮೇಲಿನದನ್ನ ಲೆಕ್ಕಕ್ಕಿಡಿ. ನಿಂತ ಜಿಗಿತಕ್ಕೂ ಓಡಿದ ಜಿಗಿತಕ್ಕೂ ವ್ಯತ್ಯಾಸವೇ ಇಲ್ಲ ಅಂದರೆ ಒಂದು ಕಾಲಲ್ಲಿ ಎಗರೋ ಅಭ್ಯಾಸ ಇಲ್ಲ ಅಂತ ಅರ್ಥ. ಅದು ಆರು ವಾರದ ಪ್ರಾಕ್ಟೀಸಿನಲ್ಲಿ ಸುಧಾರಿಸೋ ವಿಷಯ, 31 ಆದರೂ.

ತಿರುಗೋದನ್ನೂ ಅಳೆಯಿರಿ. ಒಂದು ಗೆರೆ, ಅದಕ್ಕೆ ಐದು ಮೀಟರ್ ಹಿಂದೆ ಒಂದು ಕೋನ್, ಅದಕ್ಕೂ ಹತ್ತು ಮೀಟರ್ ಹಿಂದಿಂದ ಓಡಿ ಬರಬೇಕು. ಕೋನ್ ದಾಟಿದಾಗ ವಾಚ್ ಶುರು, ಗೆರೆ ಮುಟ್ಟಿ ತಿರುಗಿ ಮತ್ತೆ ಕೋನ್ ದಾಟಿದಾಗ ನಿಲ್ಲಿಸಿ. ಬಲಗಾಲಲ್ಲಿ ಮೂರು, ಎಡಗಾಲಲ್ಲಿ ಮೂರು. ಕೈವಾಚಲ್ಲಿ 2.5 ಸೆಕೆಂಡಿನ ಆಸುಪಾಸು ಬಂದರೆ ಬದುಕಿದೆವು. 2.8 ದಾಟಿದರೆ ನಾಲ್ಕನೇ ನಂಬರ್ ಹೇಳಿದ 25 ಮೀಟರ್ ಲೈನೂ ಸಾಲಲ್ಲ ಅಂತ ನನ್ನ ಅಂದಾಜು. ಎರಡು ಕಾಲಿನ ನಡುವೆ ವ್ಯತ್ಯಾಸ ದೊಡ್ಡದಿದ್ದರೆ ಇನ್ನೂ ಮುಖ್ಯ: ನಿಧಾನ ತಿರುಗೋ ಬದಿಯನ್ನ ಟಚ್‌ಲೈನ್ ಕಡೆ ಬರೋ ಹಾಗೆ ನಿಲ್ಲಿಸಬೇಕು.

ಇನ್ನೊಂದು, ನಿಲ್ಲೋ ಭಂಗಿ. ಎದುರಾಳಿಗೆ ಎದೆಯೊಡ್ಡಿ ನೇರ ನಿಂತವನು ಅರ್ಧ ಸುತ್ತು ತಿರುಗಬೇಕು. ಓರೆಯಾಗಿ ನಿಂತವನಿಗೆ ಕಾಲು ಸುತ್ತು ಸಾಕು. ಬಾಲ್ ಇಟ್ಟುಕೊಂಡವನು ತಲೆ ತಗ್ಗಿಸಿ ಕಾಲು ಹಿಂದಕ್ಕೆ ಎಳೆದ ಅಂದರೆ ಉದ್ದ ಬಾಲ್ ಬರ್ತಿದೆ ಅಂತ. ಆ ಕ್ಷಣಕ್ಕೇ ಎರಡು ಮೀಟರ್ ಹಿಂದೆ ಸರಿಯಬೇಕು, ಬಾಲ್ ಗಾಳಿಗೆ ಬಂದ ಮೇಲಲ್ಲ. ಅನುಭವ ಇರೋ ನಿಧಾನದ ಸ್ಟಾಪರ್ ಉಳಿದುಕೊಳ್ಳೋದೇ ಈ ಎರಡು ಮೀಟರಿನಲ್ಲಿ.

ಬೇತಮಂಗಲ_ಫಿಟ್‌ನೆಸ್:

ಮೈ ವಿಷಯಕ್ಕೆ ಬರೋಣ. ಹೋಗೋಕೆ ಎರಡು ಗಂಟೆ ಮೇಲೆ, ಬರೋಕೆ ಎರಡು ಗಂಟೆ ಮೇಲೆ, ಸೀಟ್ ಸಿಕ್ಕರೆ ಮಂಡಿ ಮಡಚಿ, ಸಿಗದಿದ್ದರೆ ನಿಂತು. ಹೀಗೆ ವಾರಕ್ಕೆ ಆರು ದಿನ. ಉದ್ದ ಕಾಲಿನವನಿಗೆ ಮೊದಲು ಹಿಡಿಯೋದು ತೊಡೆಯ ಹಿಂಭಾಗ. ಗಾಡಿ ಇಳಿದು ಬ್ಯಾಗ್ ಬಿಸಾಕಿ ನೇರ ಸ್ಪ್ರಿಂಟ್ ಮಾಡಿಸಿದರೆ ಎರಡನೇ ವಾರಕ್ಕೇ ಹ್ಯಾಮ್‌ಸ್ಟ್ರಿಂಗ್ ಹರಿಯುತ್ತೆ. 31 ಅಂದಮೇಲೆ ಹರಿದದ್ದು ಕೂಡೋಕೆ ಹೆಚ್ಚು ದಿನ, ಮತ್ತೆ ಹರಿಯೋ ಸಂಭವವೂ ಹೆಚ್ಚು.

ಫಿಫಾ 11+ ವಾರ್ಮಪ್ ಇದೆ, ಪುಕ್ಕಟೆ, ಕೋನ್ ಮತ್ತು ಬಾಲ್ ಬಿಟ್ಟರೆ ಸಾಮಾನು ಏನೂ ಬೇಡ. 8 ನಿಮಿಷ ನಿಧಾನ ಓಟ, 10 ನಿಮಿಷ ಶಕ್ತಿ ಮತ್ತು ಬ್ಯಾಲೆನ್ಸ್, 2 ನಿಮಿಷ ಜೋರು ಓಟ. ವಾರಕ್ಕೆ ಎರಡು ಸಲವಾದರೂ ಪೂರ್ತಿ ಆಗಬೇಕು. ಅದರಲ್ಲಿ ನಾರ್ಡಿಕ್ ಅಂತ ಒಂದಿದೆ: ಮಂಡಿಯೂರಿ ಕೂತು, ಹಿಂದಿನಿಂದ ಒಬ್ಬ ಕಣಕಾಲು ಗಟ್ಟಿಯಾಗಿ ಹಿಡಿಯಬೇಕು, ಸೊಂಟ ಮಡಚದೆ ಮೈಯನ್ನ ಆದಷ್ಟು ನಿಧಾನವಾಗಿ ಮುಂದಕ್ಕೆ ಬಿಡಬೇಕು, ಕೊನೆಗೆ ಕೈ ಊರಬೇಕು. ಶುರುವಿಗೆ 3ರಿಂದ 5 ಸಲ, ಅಷ್ಟೇ. ಆಮೇಲೆ 7-10, ಮೈ ಒಗ್ಗಿದ ಮೇಲೆ 12-15. ಮೊದಲ ದಿನವೇ ಹದಿನೈದು ಮಾಡಿಸಿದರೆ ಮರುದಿನ ಗಾಡಿಯ ಮೆಟ್ಟಿಲು ಹತ್ತೋಕಾಗಲ್ಲ, ಅವನೇ 'ಇದು ಬೇಡ' ಅಂತ ಬಿಟ್ಟುಬಿಡುತ್ತಾನೆ. ಮ್ಯಾಚ್ ಭಾನುವಾರ ಇದ್ದರೆ ನಾರ್ಡಿಕ್ ಮಂಗಳವಾರ, ಗುರುವಾರ. ಶುಕ್ರವಾರ, ಶನಿವಾರ ಬೇಡ. ಮನೆಯಲ್ಲೇ ಮಂಚದ ಅಡ್ಡಪಟ್ಟಿಗೆ ಪಾದ ಸಿಕ್ಕಿಸಿ ಮಾಡಬಹುದು, ಗ್ರೌಂಡಿಗೆ ಬರಬೇಕು ಅಂತಿಲ್ಲ. ಮೀನಖಂಡಕ್ಕೆ ಹಿಮ್ಮಡಿ ಎತ್ತಿ ಇಳಿಸೋದು 15ರಂತೆ ಮೂರು ಸಲ, ಒಮ್ಮೆ ಮಂಡಿ ನೇರ, ಒಮ್ಮೆ ಮಂಡಿ ಬಾಗಿಸಿ.

ನಮ್ಮ ಗ್ರೌಂಡೂ ಗೊತ್ತಲ್ಲ. ಹುಲ್ಲು ಹೆಸರಿಗೆ, ಕೆಳಗೆ ಜಲ್ಲಿ ಬೆರೆತ ಗಟ್ಟಿ ನೆಲ. ಆರು ಲೋಹದ ಸ್ಟಡ್ ಇರೋ ಬೂಟು ಹಾಕಿದರೆ ಸ್ಟಡ್ ನೆಲಕ್ಕೆ ಇಳಿಯಲ್ಲ, ಇಡೀ ಭಾರ ಆರು ಚುಕ್ಕೆ ಮೇಲೆ, ಹಿಮ್ಮಡಿ ಮಂಡಿ ಎರಡೂ ಹೋಗುತ್ತೆ. ಸಣ್ಣ ರಬ್ಬರ್ ಸ್ಟಡ್ ತುಂಬಾ ಇರೋ ಟರ್ಫ್ ಬೂಟೇ ಸರಿ.

ನಾಕೌಟ್ ಟೂರ್ನಿಯಲ್ಲಿ ಶನಿವಾರ ಒಂದು, ಭಾನುವಾರ ಬೆಳಗ್ಗೆ ಒಂದು, ಸಂಜೆ ಫೈನಲ್ ಅಂತ ಇಡ್ತಾರೆ. ಮೂರರಲ್ಲೂ ಇವನನ್ನ ಆಡಿಸೋ ಹುಚ್ಚು ಬೇಡ. ಮೈ ಪೂರ್ತಿ ಚೇತರಿಸಿಕೊಳ್ಳೋಕೆ 48ರಿಂದ 72 ಗಂಟೆ ಬೇಕು. ಒಂದು ಬಿಡಿ, ಯಾವುದನ್ನ ಬಿಡೋದು ಅಂತ ಶುಕ್ರವಾರವೇ ತೀರ್ಮಾನಿಸಿ. ಊಟದ ಬಗ್ಗೆ ಏನೂ ಹೇಳಲ್ಲ, ಮುದ್ದೆ ಹುರುಳಿ ಸಾರು ತಿನ್ನೋರಿಗೆ ಪ್ರೋಟೀನ್ ಡಬ್ಬಿ ಮಾರೋ ದಂಧೆ ನನ್ನದಲ್ಲ.

ಸೀಟಿ_ಊದೋನು:

ರೆಫ್ರಿ ಕಡೆಯಿಂದ ಎರಡು ಮಾತು.

ಉದ್ದದವನು ಜಿಗಿದಾಗ ಅವನ ಮೊಣಕೈ ಎದುರಾಳಿಯ ಮುಖದ ಮಟ್ಟಕ್ಕೇ ಬರುತ್ತೆ. ತಪ್ಪು ಮಾಡಲಿ ಬಿಡಲಿ, ನೋಡೋಕೆ ಫೌಲ್ ಥರಾನೇ ಕಾಣುತ್ತೆ. ಅಜಾಗ್ರತೆ ಅಂದರೆ ಫ್ರೀ ಕಿಕ್ ಮಾತ್ರ, ಎದುರಾಳಿಗೆ ಪೆಟ್ಟಾಗುತ್ತೆ ಅನ್ನೋ ಪರಿವೆ ಇಲ್ಲದೆ ನುಗ್ಗಿದರೆ ಹಳದಿ, ಅತಿಯಾದ ಬಲ ಹಾಕಿದರೆ ಕೆಂಪು. ಜಿಗಿಯುವಾಗ ಕೈ ಎದೆ ಮಟ್ಟದಲ್ಲಿ ಮುಂದಕ್ಕಿರಲಿ, ಪಕ್ಕಕ್ಕೆ ಚಾಚಬಾರದು. ಬಾಕ್ಸಲ್ಲಿ ಶಾಟ್ ತಡೆಯುವಾಗಂತೂ ಕೈ ಬೆನ್ನ ಹಿಂದೆ ಕಟ್ಟಬೇಕು. ಅಷ್ಟುದ್ದದ ಕೈ ಮೈಯಿಂದ ದೂರ ಇದ್ದು ಬಾಲ್ ತಾಗಿದರೆ ಪೆನಾಲ್ಟಿ ಕೊಡದೆ ವಿಧಿಯಿಲ್ಲ.

ನಿಧಾನದ ಸ್ಟಾಪರ್ ಮಾಡೋ ದೊಡ್ಡ ತಪ್ಪು ಇನ್ನೊಂದು. ಫಾರ್ವರ್ಡ್ ದಾಟಿ ಹೋದ, ಇವನೇ ಕೊನೆಯವನು, ಕೈ ತಾನಾಗೇ ಜರ್ಸಿಗೆ ಹೋಗುತ್ತೆ. ಬಾಕ್ಸ್ ಒಳಗೆ ಬಾಲಿಗೆ ಕಾಲು ಹಾಕೋಕೆ ಹೋಗಿ ಫೌಲ್ ಆದರೆ ಪೆನಾಲ್ಟಿ ಜೊತೆ ಹಳದಿ. ಜರ್ಸಿ ಹಿಡಿದೆಳೆದರೆ ಪೆನಾಲ್ಟಿ ಜೊತೆ ಕೆಂಪು. ಒಂದು ಗೋಲು ಬಿಟ್ಟುಕೊಟ್ಟು ಹನ್ನೊಂದು ಜನ ಉಳಿಯೋದು ಮೇಲೋ, ಗೋಲೂ ಹೋಗಿ ಹತ್ತು ಜನ ಆಗೋದು ಮೇಲೋ, ಅದನ್ನ ಡ್ರೆಸ್ಸಿಂಗ್ ರೂಮಲ್ಲೇ ಅವನಿಗೆ ಹೇಳಿಬಿಡಿ.

ಸೈನೈಡ್_ದಿಬ್ಬ:

ಗಾಳಿ ಬಗ್ಗೆ ಯಾರೂ ಹೇಳಲಿಲ್ಲ. ಆಷಾಢದಲ್ಲಿ ನಮ್ಮ ಗ್ರೌಂಡಲ್ಲಿ ಮಧ್ಯಾಹ್ನದ ಮೇಲೆ ಗಾಳಿ ಎದ್ದರೆ ಗಣಿ ತ್ಯಾಜ್ಯದ ದಿಬ್ಬದ ಧೂಳು ಕಣ್ಣಿಗೆ, ಬಾಲ್ ಎಲ್ಲೋ. ಗಾಳಿಗೆ ಎದುರು ಬರೋ ಉದ್ದ ಬಾಲ್ ಮೇಲೇ ತಡೆದು ಮೊದಲೇ ಬೀಳುತ್ತೆ, ಹಿಂದೆ ಸರಿದ ಸ್ಟಾಪರ್ ಮುಂದೆ ಬಂದು ತಲೆ ಕೊಡಬೇಕು. ಗಾಳಿ ಜೊತೆ ಬರೋದು ತಲೆ ದಾಟುತ್ತೆ. ಟಾಸ್ ಗೆದ್ದರೆ ಮೊದಲರ್ಧ ಗಾಳಿ ನಮ್ಮ ಬೆನ್ನಿಗೆ ಇರಲಿ, ಇವನ ಕಾಲು ತಾಜಾ ಇದ್ದಾಗ ಲೈನ್ ಸ್ವಲ್ಪ ಮೇಲಿಟ್ಟು ಆಡಬಹುದು ಅಂತ ಕೆಲವರು ಹೇಳ್ತಾರೆ. ನನ್ನ ಪ್ರಕಾರ ಉಲ್ಟಾ. ಗಾಳಿ ಎದುರಿಗಿರೋ ಅರ್ಧದಲ್ಲೇ ಇವನ ಮೇಲೆ ಕೆಲಸ ಬೀಳೋದು. ಆ ಕೆಲಸ ದಣಿಯೋ ಮುಂಚೆ, ಮೊದಲರ್ಧದಲ್ಲೇ ಮುಗಿಯಲಿ.

ಗಟ್ಟಿ ನೆಲದಲ್ಲಿ ಮುಖ್ಯ ನಿಯಮ ಒಂದೇ: ಉದ್ದ ಬಾಲ್ ಪುಟಿಯೋಕೆ ಬಿಡಬಾರದು. ಒಮ್ಮೆ ಪುಟಿದರೆ ಆರಡಿ ಮೂರಿಂಚಿನವನ ತಲೆ ಮೇಲೂ ಹಾರುತ್ತೆ, ಹಿಂದೆ ಫಾರ್ವರ್ಡ್ ಕಾಯ್ತಿರ್ತಾನೆ. ಬಾಲಿನೊಳಗಿನ ಗಾಳಿಯ ಒತ್ತಡವೂ ನೋಡಿ. ನಿಯಮದಲ್ಲಿ 8.5ರಿಂದ 15.6 ಪಿಎಸ್ಐವರೆಗೆ ಇಡಬಹುದು. ನಮ್ಮ ನೆಲಕ್ಕೆ 9ರ ಆಸುಪಾಸು ಸಾಕು. ಕೈಪಂಪಲ್ಲಿ ಕಲ್ಲಿನಂತೆ ತುಂಬಿಸಿ 'ಹೊಸ ಬಾಲು' ಅನ್ನೋದು ಬಿಟ್ಟರೆ ಹೆಡ್ಡಿಂಗೂ ಸುಧಾರಿಸುತ್ತೆ, ತಲೆಯೂ ಉಳಿಯುತ್ತೆ.

ಮುಂದಿನ ಬಾಕ್ಸಲ್ಲೂ ಇವನಿಂದ ಲಾಭ ಇದೆ. ಕಾರ್ನರ್‌ಗೆ ಇವನು ದೂರದ ಪೋಸ್ಟಿನ ಹೊರಗಡೆ, ಗೋಲಿಂದ 11-12 ಮೀಟರ್ ದೂರದಲ್ಲಿ ನಿಂತು ಶುರು ಮಾಡಲಿ. ಹೊಡೆಯೋನು ಕೈ ಎತ್ತಿದಾಗ ಓಡೋದಲ್ಲ, ಕೈ ಇಳಿಸಿ ಹೆಜ್ಜೆ ಇಟ್ಟಾಗ. ಬಾಲ್ ಬೀಳಬೇಕಿರೋದು ಗೋಲ್ ಏರಿಯಾದ ಗೆರೆ ಮೇಲೆ, ಅಂದರೆ ಗೋಲಿಂದ ಐದೂವರೆ ಮೀಟರ್, ಕೀಪರ್ ಬರಲೋ ಬೇಡವೋ ಅಂತ ಅನುಮಾನಿಸೋ ಜಾಗ. ಇವನು ನೇರ ಗೋಲಿಗೆ ಹೊಡೆಯೋ ಬದಲು ವಾಪಸ್ ಮಧ್ಯಕ್ಕೆ ತಲೆಯಲ್ಲಿ ಕೊಟ್ಟರೆ ನಮ್ಮ ಗಿಡ್ಡ ಫಾರ್ವರ್ಡ್‌ಗಳಿಗೆ ಕಾಲಲ್ಲಿ ಮುಗಿಸೋ ಅವಕಾಶ. ಆದರೆ ಇವನು ಮುಂದೆ ಹೋದಾಗ ಹಿಂದೆ ಇಬ್ಬರು ಇರಲೇಬೇಕು, ಅವರಲ್ಲಿ ಒಬ್ಬ ಟೀಮಿನಲ್ಲೇ ವೇಗದವನು. ಬಾಲ್ ಕೀಪರ್ ಕೈಗೆ ಸಿಕ್ಕಿ ಎಸೆದರೆ ಉದ್ದಣ್ಣ ವಾಪಸ್ ಬರೋ ಹೊತ್ತಿಗೆ ಗೋಲ್ ಆಗಿರುತ್ತೆ. ಅದಕ್ಕೇ ತಲೆಗೆ ಸರಿಯಾಗಿ ಸಿಗಲ್ಲ ಅನ್ನಿಸಿದ ಬಾಲನ್ನ ಹೇಗಾದರೂ ಗೆರೆ ಆಚೆಗೆ ಕಳಿಸಬೇಕು.

ಮಾರಿಕುಪ್ಪಂ_ಎಕ್ಸ್‌ಪ್ರೆಸ್:

ಸರಿ, ಆಡಿಸಲಿ. ಆದರೆ ಎರಡು ವರ್ಷಕ್ಕೆ ಮಾತು ಕೊಟ್ಟಿದ್ದರೆ ತಪ್ಪು. ಒಂದು ಸೀಸನ್, ಮ್ಯಾಚಿಗೆ ಇಷ್ಟು ಅಂತ ದುಡ್ಡು, ಮುಂದಿನದು ಆಮೇಲೆ. ತಿಂಗಳ ಸಂಬಳ ಅಂತ ಇಟ್ಟರೆ ಗಾಯ ಆದ ತಿಂಗಳೂ ಕೊಡಬೇಕು, ಬೂಟು ನೆಟ್ಟಿಗೆ ಇಟ್ಟ ದುಡ್ಡು ಅಲ್ಲೇ ಕರಗುತ್ತೆ. ಗಾಯಕ್ಕೆ ಚಿಕಿತ್ಸೆ ಖರ್ಚು ಮಾತ್ರ ಕ್ಲಬ್ಬೇ ನೋಡಿಕೊಳ್ಳಬೇಕು, ಅದರಲ್ಲಿ ಜಿಪುಣತನ ಬೇಡ.

ರಾಬರ್ಟ್‌ಸನ್‌ಪೇಟೆ_ಗ್ಯಾಲರಿ:

ಎಲ್ಲರಿಗೂ ಥ್ಯಾಂಕ್ಸ್. ಅಳತೆ ವಿಷಯ ಕಮಿಟಿಗೆ ತಲುಪಿಸ್ತೀನಿ. ರೈಟ್ ಬ್ಯಾಕನ್ನ ಒಳಗೆ ತಂದರೆ ಬಲಗಡೆ ಯಾರು?

ನಾಲ್ಕನೇ_ನಂಬರ್:

ಅಂಡರ್-19 ಹುಡುಗನನ್ನೇ ಹಾಕಿ ನೋಡಿ. ಆರಡಿ ಒಂದಿಂಚಿದ್ದು ಓಟ ಇರೋ ರೈಟ್ ಬ್ಯಾಕ್ ನಮ್ಮ ಸುತ್ತಮುತ್ತಲ ಟೀಮುಗಳಲ್ಲಿ ಎಲ್ಲಿದ್ದಾನೆ? ದೂರದ ಪೋಸ್ಟಿಗೆ ಬರೋ ಕ್ರಾಸ್‌ಗೂ ತಲೆ ಸಿಗುತ್ತೆ. ಉದ್ದಣ್ಣನ ಕೂಗು ಕೇಳಿಸಿಕೊಂಡೇ ಸ್ಟಾಪರ್ ಕೆಲಸವೂ ಕಲಿಯುತ್ತಾನೆ.

ಹಾಗೇ ಕಮಿಟಿಗೆ ಇನ್ನೊಂದು ಹೇಳಿ: ಉದ್ದಣ್ಣ ಮುಂಚೆ ಬೆಂಗಳೂರಲ್ಲಿ ಯಾವುದಾದರೂ ಲೀಗ್ ಟೀಮಿಗೆ ಆಡಿದ್ದರೆ ಎಐಎಫ್‌ಎಫ್‌ನ (ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್) ಸಿಆರ್‌ಎಸ್ ಅನ್ನೋ ಆಟಗಾರರ ನೋಂದಣಿ ವ್ಯವಸ್ಥೆಯಲ್ಲಿ ಹಳೆ ಕ್ಲಬ್ ಹೆಸರಲ್ಲೇ ನೋಂದಣಿ ಇರಬಹುದು. ನೋಂದಾಯಿತ ಟೂರ್ನಿಗೆ ಹೆಸರು ಕೊಡೋ ಮುಂಚೆ ಅದನ್ನ ನೋಡಿ ವರ್ಗಾವಣೆ ಮುಗಿಸಿಕೊಳ್ಳಿ. ಎದುರು ಟೀಮಿನವರು ಸೋತ ಮೇಲೆ ಪ್ರೊಟೆಸ್ಟ್ ಹಾಕೋದು ಇಂಥದ್ದಕ್ಕೇ.

ಬೇತಮಂಗಲ_ಫಿಟ್‌ನೆಸ್:

ಬೂಟಿನ ಸೈಜೂ ಈಗಲೇ ಕೇಳಿಬಿಡಿ. ಹನ್ನೆರಡು ಅಂದರೆ ಕೋಲಾರದ ಅಂಗಡಿಯಲ್ಲಿ ಸಿಗೋದು ಅನುಮಾನ, ಆರ್ಡರ್ ಹಾಕಿಸಬೇಕು. ಹೊಸ ಬೂಟನ್ನ ಮ್ಯಾಚಿಗೆ ಮುಂಚೆ ಎರಡು ವಾರ ಪ್ರಾಕ್ಟೀಸಲ್ಲಿ ಹಾಕಿ ಒಗ್ಗಿಸಬೇಕು, ಇಲ್ಲದಿದ್ದರೆ ಹಿಮ್ಮಡಿಗೆ ಬೊಬ್ಬೆ ಬರುತ್ತೆ.